ಹಳೇ ಕ್ಯಾಂಪರ್ ವ್ಯಾನ್: ಕೊಳ್ಳುವಾಗ ತಗಡು, ಕೊಂಡ ಮೇಲೆ ಟ್ಯಾಪೆಟ್

ಹಳೇ ಫೋಕ್ಸ್‌ವ್ಯಾಗನ್ ಕ್ಯಾಂಪರ್ ನೋಡಲು ಹೋದವರು ಮೊದಲು ಎಂಜಿನ್ ಹೇಗಿದೆ ಅಂತ ಕೇಳುತ್ತಾರೆ. ಮೊದಲು ನೋಡಬೇಕಾದದ್ದು ತಗಡು. ಎಂಜಿನ್ ಇಳಿಸಿ, ಬಿಚ್ಚಿ, ಬೇರಿಂಗ್ ಬದಲಿಸಿ ಕೂರಿಸುವುದಕ್ಕೆ ಇಷ್ಟು ಖರ್ಚಾಗುತ್ತದೆ ಎಂದು ಮೊದಲೇ ಅಂದಾಜು ಮಾಡಬಹುದು. ತುಕ್ಕಿನ ವಿಷಯದಲ್ಲಿ ಅದು ಆಗದ ಮಾತು, ಒಂದು ತಗಡು ಕತ್ತರಿಸಿದರೆ ಅದರ ಹಿಂದೆ ಇನ್ನೊಂದು ಕೊಳೆತಿರುತ್ತದೆ. ಈ ವ್ಯಾನಿನಲ್ಲಿ ಬೇರ್ಪಡಿಸಬಹುದಾದ ಚಾಸಿ ಇಲ್ಲ. ಅಡಿಯ ತೊಲೆಗಳು ಬಾಡಿಯೊಂದಿಗೇ ವೆಲ್ಡ್ ಆಗಿವೆ, ಹಾಗಾಗಿ ಕೆಳಗೆ ಕೊಳೆತರೆ ಇಡೀ ಗಾಡಿಯ ಬಲವೇ ಹೋಗುತ್ತದೆ.

1967ರ ಆಗಸ್ಟ್‌ವರೆಗೆ ಬಂದವು ಎರಡು ತುಂಡಿನ ಮುಂಗಾಜಿನವು. ನೋಡಲು ಚೆಂದ, ಬೆಲೆ ದುಬಾರಿ. ಓಡಿಸಲೆಂದೇ ಕೊಳ್ಳುವವರಿಗೆ ಅದರ ನಂತರದ, 1979ರವರೆಗೆ ಜರ್ಮನಿಯಲ್ಲಿ ತಯಾರಾದ ಒಂದೇ ಗಾಜಿನ ಮಾದರಿ ವಾಸಿ. ಅದರಲ್ಲೂ 1970ರ ಆಗಸ್ಟ್ ನಂತರದ್ದಾದರೆ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಇರುತ್ತದೆ. ಮುಂದೆ ಹೇಳುವ ಅಳತೆಗಳು 1600 ಸಿಸಿ, ಗಾಳಿಯಿಂದ ತಂಪಾಗುವ ಎಂಜಿನ್ನಿನವು.

ನೋಡಲು ಹೋಗುವಾಗ ಟಾರ್ಚ್, ಮಂಡಿಗೆ ಹಾಸಿಕೊಳ್ಳಲು ಚೀಲ, ತೆಳು ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಇರಲಿ. ಅಯಸ್ಕಾಂತ ಅಂಟದ ಕಡೆ ಒಳಗೆ ಪುಟ್ಟಿ ಇದೆ. ಚಕ್ರದ ಕಮಾನು, ಮುಂಗಾಜಿನ ಕೆಳ ಮೂಲೆಗಳು, ಚಾವಣಿಯ ಸುತ್ತಲಿನ ನೀರುಕಾಲುವೆ, ಎಂಜಿನ್ ಕೋಣೆಯ ಬ್ಯಾಟರಿ ತಟ್ಟೆ ಎಲ್ಲವನ್ನೂ ನೋಡಿ. ಡ್ರೈವರ್ ಕಾಲಡಿಯ ಮ್ಯಾಟ್ ಎತ್ತಿ ನೋಡಿ. ಅತಿ ಮುಖ್ಯ ಜಾಗ ಬಾಗಿಲ ಕೆಳಗಿನ ಸಿಲ್. ಅದು ಹೊರಗಿನದು, ನಡುವಿನದು, ಒಳಗಿನದು ಎಂದು ಮೂರು ಪದರ. ಹೊರಗಿನ ಪದರವನ್ನಷ್ಟೇ ಹೊಸದಾಗಿ ಹಾಕಿ ಪೇಂಟ್ ಹೊಡೆದ ಗಾಡಿಗಳು ಬಹಳ. ಅಡಿಯಿಂದ ಟಾರ್ಚ್ ಬಿಟ್ಟು ಒಳ ಪದರವನ್ನೂ ಜಾಕ್ ಇಡುವ ಜಾಗಗಳನ್ನೂ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ತಗಡು ಟಣ್ ಅನ್ನುತ್ತದೆ, ಕೊಳೆತದ್ದು ಮೊದ್ದಾಗಿ ಸದ್ದು ಮಾಡಿ ಪುಡಿ ಉದುರಿಸುತ್ತದೆ. ಜಾರುಬಾಗಿಲಿನ ಸಂದು ಮೇಲೊಂದು ಕೆಳಗೊಂದು ಅಳತೆ ಇದ್ದರೆ ಬಾಡಿಯ ಕೆಳಗೆ ಆಸರೆ ಕೊಡದೆ ಸಿಲ್ ಕತ್ತರಿಸಿರುವ ಸಂಭವವಿದೆ. ಗಾಡಿಯ ಅಡಿಭಾಗಕ್ಕೆ ಆಗಷ್ಟೇ ದಪ್ಪಗೆ ಬಳಿದ ಕಪ್ಪು ಲೇಪ ಕಂಡರೆ ಅದನ್ನು ರಕ್ಷಣೆ ಅಂತ ನಂಬಬೇಡಿ. ಕೆಳಗೇನಿದೆ ಅಂತ ಕೆರೆದು ನೋಡಲು ಒಪ್ಪಿಗೆ ಕೇಳಿ.

ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಬೇಕು ಎಂದು ಮೊದಲೇ ಹೇಳಿಬಿಡಿ. ಅದಕ್ಕೂ ಮುಂಚೆ ಎಂಜಿನ್ ಆಫ್ ಇರುವಾಗ ಗಾಡಿಯ ಹಿಂದಿರುವ ಎಂಜಿನ್ನಿನ ಕ್ರ್ಯಾಂಕ್ ಪುಲ್ಲಿಯನ್ನು (ಬೆಲ್ಟ್ ತಿರುಗಿಸುವ ಕೆಳಗಿನ ಚಕ್ರ) ಎರಡೂ ಕೈಯಲ್ಲಿ ಹಿಡಿದು ನಿಮ್ಮತ್ತ ಎಳೆಯಿರಿ, ಆಚೆ ತಳ್ಳಿ. ಇಲ್ಲಿ ಇರಬೇಕಾದ ಆಟ 0.07ರಿಂದ 0.13 ಮಿಮೀ ಮಾತ್ರ, ಕೈಗೆ ತಿಳಿಯುವುದೇ ಕಷ್ಟ. ಟಕ್ ಟಕ್ ಅಂತ ಕೇಳಿಸಿದರೆ ಎಂಜಿನ್ ಬಿಚ್ಚಲೇಬೇಕು, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಓಡಿಸುವಾಗ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ನೋಡಿ, ಗೇರ್ ತಾನಾಗಿ ಹಾರಿ ನ್ಯೂಟ್ರಲ್‌ಗೆ ಬಂದರೆ ಗೇರ್‌ಬಾಕ್ಸ್ ಸವೆದಿದೆ. ಕೊರೆದಿರುವ ಚಾಸಿ ನಂಬರ್ ದಾಖಲೆಗೆ ಹೊಂದದಿದ್ದರೆ, ಅಥವಾ ನಂಬರಿನ ಸುತ್ತ ವೆಲ್ಡಿಂಗ್ ಗುರುತಿದ್ದರೆ, ಉಳಿದದ್ದು ಎಷ್ಟೇ ಚೆನ್ನಾಗಿದ್ದರೂ ಬೇಡ.

ಕೊಂಡ ಮೇಲೆ, ದೂರದ ಪ್ರಯಾಣಕ್ಕೆ ಮೊದಲು, ಪೆಟ್ರೋಲ್ ಪೈಪುಗಳನ್ನೆಲ್ಲ ಬದಲಿಸಿ. ಈ ವ್ಯಾನುಗಳು ಸುಟ್ಟುಹೋಗುವುದಕ್ಕೆ ದೊಡ್ಡ ಕಾರಣವೇ ಇದು. ಹಳೇ ಪೈಪಿನ ಹೊರಗೆ ಹೆಣೆದ ಬಟ್ಟೆ ಇರುವುದರಿಂದ ಒಳಗಿನ ರಬ್ಬರ್ ಬಿರುಕು ಬಿಟ್ಟರೂ ಕಾಣುವುದಿಲ್ಲ, ಎಥನಾಲ್ ಬೆರೆತ ಪೆಟ್ರೋಲ್ ಅದನ್ನು ಇನ್ನೂ ಬೇಗ ತಿನ್ನುತ್ತದೆ. ಎಸ್‌ಎಇ ಜೆ30 ಆರ್9 (SAE J30 R9, ಪೆಟ್ರೋಲ್ ಪೈಪಿನ ಗುಣಮಟ್ಟದ ಗುರುತು) ಎಂದು ಅಚ್ಚಾದ ಪೈಪ್ ತನ್ನಿ, ಪ್ರತಿ ತುದಿಗೂ ಕ್ಲಿಪ್ ಹಾಕಿ. ಪೆಟ್ರೋಲ್ ನಳಿಗೆ ಎಂಜಿನ್ನಿನ ಮುಂಭಾಗದ ತಗಡನ್ನು ದಾಟುವ ಕಡೆ ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಇರಬೇಕು, ಇಲ್ಲದಿದ್ದರೆ ತಗಡು ನಳಿಗೆಯನ್ನು ಉಜ್ಜಿ ಸವೆಸುತ್ತದೆ. ಕಾರ್ಬುರೇಟರಿಗೆ ಪೆಟ್ರೋಲ್ ಹೋಗುವ ಹಿತ್ತಾಳೆ ನಳಿಗೆ ಅಲ್ಲಾಡುತ್ತಿದೆಯೇ ಎಂದೂ ನೋಡಿ, ಅದು ಕಳಚಿದರೆ ಪೆಟ್ರೋಲ್ ನೇರ ಬಿಸಿ ಎಂಜಿನ್ ಮೇಲೆ ಸುರಿಯುತ್ತದೆ. ಪೆಟ್ರೋಲ್ ಫಿಲ್ಟರನ್ನು ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಮೇಲೆ ತೂಗುಹಾಕಬೇಡಿ.

ಆಯಿಲ್ 5,000 ಕಿಮೀಗೊಮ್ಮೆ, 2.5 ಲೀಟರ್. ಮೂಲ ಎಂಜಿನ್ನಿಗೆ ಆಯಿಲ್ ಫಿಲ್ಟರ್ ಇಲ್ಲ, ಅಡಿಯಲ್ಲಿ ಜಾಲರಿ ಮಾತ್ರ. ಅದರ ಮುಚ್ಚಳದ ಆರು ನಟ್ಟುಗಳನ್ನು 7 ನ್ಯೂಟನ್ ಮೀಟರಿಗಿಂತ ಹೆಚ್ಚು ಬಿಗಿದರೆ ಕೇಸಿನ ಮರೆ (ಥ್ರೆಡ್) ಕಿತ್ತುಬರುತ್ತದೆ.

ಅದೇ ಹೊತ್ತಿಗೆ ಟ್ಯಾಪೆಟ್ ಸೆಟ್ ಮಾಡಿ, ಅಂದರೆ ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದು ಸರಿಪಡಿಸಿ. ರಾತ್ರಿಯಿಡೀ ನಿಂತು ಪೂರ್ತಿ ತಣ್ಣಗಾದ ಎಂಜಿನ್ನಿಗೆ ಮಾತ್ರ ಈ ಕೆಲಸ. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಒಳಗೆ ತಿರುಗುವ ರೋಟರ್ ಡಿಸ್ಟ್ರಿಬ್ಯೂಟರ್ ಅಂಚಿನ ಗೀಟಿಗೆ ನೇರವಾಗುವಂತೆ, ಪುಲ್ಲಿಯ ಟಿಡಿಸಿ (ಪಿಸ್ಟನ್ ತೀರ ಮೇಲಿರುವ ಸ್ಥಿತಿಯ) ಗುರುತು ಕೇಸಿನ ನಡುಗೆರೆಗೆ ಬರುವಂತೆ ಪುಲ್ಲಿ ತಿರುಗಿಸಿ. ಈಗ ಒಂದನೇ ಸಿಲಿಂಡರ್, ಅಂದರೆ ಬಲಬದಿಯಲ್ಲಿ ಗಾಡಿಯ ಮುಂಭಾಗಕ್ಕೆ ಹತ್ತಿರದ್ದು, ಸಿದ್ಧ. ರಾಕರ್ ಕವರ್ ತೆಗೆದು ನೋಡಿ, ರಾಕರಿನ ಸ್ಕ್ರೂಗೂ ವಾಲ್ವಿನ ತುದಿಗೂ ನಡುವೆ 0.15 ಮಿಮೀ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಸ್ವಲ್ಪ ಹಿಡಿತದೊಂದಿಗೆ ಜಾರಬೇಕು. 13 ಮಿಮೀ ಸ್ಪ್ಯಾನರಿನಲ್ಲಿ ಲಾಕ್ ನಟ್ ಬಿಗಿದ ಮೇಲೆ ಮತ್ತೊಮ್ಮೆ ಅಳೆಯಿರಿ, ಬಿಗಿಯುವಾಗ ಸ್ಕ್ರೂ ತಿರುಗಿಬಿಡುತ್ತದೆ. ಪುಲ್ಲಿಯನ್ನು ಗಡಿಯಾರದ ವಿರುದ್ಧ ದಿಕ್ಕಿನಲ್ಲಿ ಅರ್ಧ ಸುತ್ತು ತಿರುಗಿಸುತ್ತ ಹೋದರೆ ಎರಡು, ಮೂರು, ನಾಲ್ಕು ಅನುಕ್ರಮವಾಗಿ ಸಿಗುತ್ತವೆ. ರಾಕರ್ ಕವರಿಗೆ ಪ್ರತಿ ಸಲ ಹೊಸ ಗ್ಯಾಸ್ಕೆಟ್ ಹಾಕಿ. ಅಳತೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಒಂದೇ ಎಕ್ಸಾಸ್ಟ್ ವಾಲ್ವ್ ಪ್ರತಿ ಸಲ ಬಿಗಿಯಾಗುತ್ತ ಬಂದರೆ ಅದರ ಕಾಂಡ ಹಿಗ್ಗುತ್ತಿದೆ ಎಂದೋ ಸೀಟು ಸವೆಯುತ್ತಿದೆ ಎಂದೋ ಅನುಮಾನಿಸಿ. ಹಾಗೇ ಓಡಿಸಿದರೆ ಒಂದು ದಿನ ವಾಲ್ವಿನ ತಲೆ ಮುರಿದು ಪಿಸ್ಟನ್ ಮೇಲೆ ಬೀಳುತ್ತದೆ.

ಫ್ಯಾನ್ ಬೆಲ್ಟ್ ಹೆಬ್ಬೆರಳಲ್ಲಿ ಒತ್ತಿದರೆ 15 ಮಿಮೀ ತಗ್ಗಬೇಕು. ಸಡಿಲವಿದ್ದರೆ ಮೇಲಿನ ಪುಲ್ಲಿಯ ಎರಡು ಹೋಳುಗಳ ನಡುವಿನ ವಾಷರ್ ಒಂದನ್ನು ತೆಗೆದು ನಟ್ಟಿನ ಕೆಳಗಿಡಿ. ಒಂದು ಬೆಲ್ಟ್, 21 ಮಿಮೀ ಸ್ಪ್ಯಾನರ್, ಪುಲ್ಲಿ ತಡೆಹಿಡಿಯಲು ದಪ್ಪ ಸ್ಕ್ರೂಡ್ರೈವರ್ ಯಾವಾಗಲೂ ಗಾಡಿಯಲ್ಲಿರಲಿ. ಓಡುವಾಗ ಡೈನಮೋದ ಕೆಂಪು ದೀಪ ಹತ್ತಿದರೆ ಆ ಕ್ಷಣವೇ ನಿಲ್ಲಿಸಿ, ಬೆಲ್ಟ್ ಹೋಗಿದ್ದರೆ ಗಾಳಿಯೂ ಹೋಗಿದೆ. ಎಂಜಿನ್ ಸುತ್ತಲಿನ ರಬ್ಬರ್ ಪಟ್ಟಿಯೂ ಇದೇ ಕಾರಣಕ್ಕೆ ಬೇಕು. ಅದು ಹರಿದಿದ್ದರೆ ಕೆಳಗಿನ ಬಿಸಿ ಗಾಳಿಯನ್ನೇ ಫ್ಯಾನ್ ಮತ್ತೆ ಹೀರಿಕೊಳ್ಳುತ್ತದೆ. ಏರಿನಲ್ಲಿ ಟಾಪ್ ಗೇರಿನಲ್ಲಿ ಎಳೆಸಬೇಡಿ. ಎಂಜಿನ್ ನಿಧಾನವಾದರೆ ಫ್ಯಾನೂ ನಿಧಾನ. ಗೇರ್ ಇಳಿಸಿ ಹತ್ತಿಸಿ.

ಒಳಗಿನ ಗ್ಯಾಸ್ ಒಲೆಯ ಪೈಪ್, ರೆಗ್ಯುಲೇಟರ್ ಹಳೆಯವಾದರೆ ಹೊಸದು ಹಾಕಿ. ಎಲ್‌ಪಿಜಿ ಗಾಳಿಗಿಂತ ಭಾರ, ಆದ್ದರಿಂದ ಸಿಲಿಂಡರ್ ಗೂಡಿನ ತಳದಲ್ಲಿ ಹೊರಗೆ ತೆರೆಯುವ ತೂತು ಇರಲೇಬೇಕು. ಹೀಟರಿನ ಬಿಸಿ ಎಕ್ಸಾಸ್ಟ್ ಸುತ್ತಲಿನ ಪೆಟ್ಟಿಗೆಯಿಂದ ಬರುತ್ತದೆ, ಆ ಪೆಟ್ಟಿಗೆಯೊಳಗಿನ ಎಕ್ಸಾಸ್ಟ್ ನಳಿಗೆ ತುಕ್ಕು ಹಿಡಿದು ತೂತಾದರೆ ಹೊಗೆ ನೇರ ಒಳಕ್ಕೆ. ಮಲಗುವ ಗಾಡಿ ಇದು, ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದೆ ಮಲಗಬೇಡಿ.

ಮಳೆಯಲ್ಲಿ ಏರುಚಾವಣಿ ಮಡಚಬೇಕಾಗಿ ಬಂದರೆ ಮನೆಗೆ ಬಂದ ಕೂಡಲೇ ಮತ್ತೆ ಎತ್ತಿ ಕ್ಯಾನ್ವಾಸ್ ಒಣಗಿಸಿ, ಒದ್ದೆ ಬಟ್ಟೆ ಬೂಷ್ಟು ಹಿಡಿಯಲು ತಡವಿಲ್ಲ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಬ್ಯಾಟರಿ ಕಳಚಿ, ಚಕ್ರಕ್ಕೆ ಅಡ್ಡಗಲ್ಲು ಇಟ್ಟು ಹ್ಯಾಂಡ್‌ಬ್ರೇಕ್ ಬಿಡಿ, ಇಲ್ಲದಿದ್ದರೆ ಲೈನರ್ ಡ್ರಮ್ಮಿಗೆ ಅಂಟುತ್ತದೆ.