ಅಗ್ಗದ ಹಳೇ ಜಪಾನ್ ಡ್ರಮ್ಸ್‌ನಿಂದ ಒಳ್ಳೇ ನಾದ ಬಂದಿದ್ದು ಹೇಗೆ

ನನ್ನ ಹತ್ತಿರ ಇರುವುದು ನಾಲ್ಕು ಡ್ರಮ್‌ಗಳ ಸಣ್ಣ ಸೆಟ್. ಕಾಲಿನಿಂದ ಬಾರಿಸುವ 20 ಇಂಚಿನ ಬಾಸ್, ಅದರ ಮೇಲೆ ಕೂರುವ 12 ಇಂಚಿನ ಟಾಮ್, ನೆಲದ ಮೇಲೆ ಕಾಲೂರಿ ನಿಲ್ಲುವ 14 ಇಂಚಿನ ಫ್ಲೋರ್ ಟಾಮ್, ಕೆಳಗೆ ತಂತಿಗಳಿರುವ 14 ಇಂಚಿನ ಸ್ಟೀಲ್ ಸ್ನೇರ್. ಮೇಲೆ ಕೆಂಪು ಮಿನುಗಿನ ಹೊದಿಕೆ. ಬ್ಯಾಡ್ಜ್ ಮೇಲಿನ ಹೆಸರನ್ನು ನನ್ನ ಗುರುತಿನ ಯಾವ ಡ್ರಮ್ಮರ್ ಕೂಡ ಕೇಳಿರಲಿಲ್ಲ. ಅದರ ಕೆಳಗೆ ಸಣ್ಣಕ್ಷರದಲ್ಲಿ ‘ಮೇಡ್ ಇನ್ ಜಪಾನ್’ ಅಂತ ಇತ್ತು, ಅಷ್ಟೇ.

ತಂದ ದಿನ ಬಾರಿಸಿದರೆ ಟಾಮ್ ಖಾಲಿ ಡಬ್ಬದ ಹಾಗೆ, ಬಾಸ್ ರಟ್ಟಿನ ಪೆಟ್ಟಿಗೆಯ ಹಾಗೆ. ಸ್ನೇರ್ ಅಂತೂ ಪಕ್ಕದಲ್ಲಿ ಕೆಮ್ಮಿದರೂ ಜೊಯ್ ಅನ್ನುತ್ತಿತ್ತು. ಇವತ್ತು ಅದೇ ಸೆಟ್ ಕೇಳಿದವರು ಯಾವ ಕಂಪನಿದು ಅಂತ ಕೇಳುತ್ತಾರೆ. ನಡುವೆ ನಾನು ಏನು ಮಾಡಿದೆ ಅನ್ನೋದನ್ನು ಬರೆಯುತ್ತೇನೆ, ಏಕೆಂದರೆ ಇಂಥ ಡ್ರಮ್‌ಗಳನ್ನು ಜನ ಸುಮ್ನೆ ಮೂಲೆಗೆ ಹಾಕುವುದನ್ನು ನೋಡಿದರೆ ನನಗೆ ನಿಜವಾಗಿ ಹೊಟ್ಟೆ ಉರಿಯುತ್ತದೆ.

ಮೊದಲು ಇವು ಏನು ಅಂತ ಸ್ವಲ್ಪ ಹೇಳಬೇಕು. 1964ರ ಫೆಬ್ರವರಿ 9ರಂದು ಬೀಟಲ್ಸ್ ಅಮೆರಿಕದ ಟೀವಿಯಲ್ಲಿ, ಎಡ್ ಸಲಿವನ್ ಶೋನಲ್ಲಿ ಬಾರಿಸಿದರು. ಅದಾದ ಮೇಲೆ ಹುಡುಗರಿಗೆಲ್ಲ ಡ್ರಮ್ಸ್ ಬೇಕಾಯಿತು. ಬೀಟಲ್ಸ್‌ನ ಡ್ರಮ್ಮರ್ ರಿಂಗೋ ಬಾರಿಸಿದಂಥ ಲಡ್ವಿಗ್ ಕಂಪನಿಯ ಸೆಟ್ ಎಲ್ಲರ ಕೈಗೆ ಎಟುಕುವಂಥದ್ದಲ್ಲ. ಆ ಜಾಗಕ್ಕೆ ಬಂದದ್ದು ಜಪಾನಿನ ಡ್ರಮ್‌ಗಳು. ಕಾರ್ಖಾನೆಯವರು ಒಂದೇ ಥರದ ಡ್ರಮ್ ಮಾಡುತ್ತಿದ್ದರು, ತರಿಸಿಕೊಳ್ಳುವ ವ್ಯಾಪಾರಿ ಕೇಳಿದ ಹೆಸರಿನ ಬ್ಯಾಡ್ಜ್ ಹೊಡೆದು ಕಳಿಸುತ್ತಿದ್ದರು. ಇವನ್ನು ‘ಸ್ಟೆನ್ಸಿಲ್’ ಡ್ರಮ್ಸ್ ಅಂತ ಕರೆಯುವುದು ಅದಕ್ಕೇ. ಹಾಗಂತ ಮಾಡಿದವರು ಕೆಲಸ ಗೊತ್ತಿಲ್ಲದವರಲ್ಲ. ಪರ್ಲ್ ಇದರಲ್ಲಿತ್ತು. 1946ರಲ್ಲಿ ಸಂಗೀತದ ಹಾಳೆ ಇಡುವ ಸ್ಟ್ಯಾಂಡ್ ಮಾಡುತ್ತಾ ಶುರುವಾದ ಕಂಪನಿ ಅದು. ಹೋಶಿನೋ ಕಂಪನಿಯವರು ಸ್ಟಾರ್ ಹೆಸರಿನಲ್ಲಿ ಡ್ರಮ್ ಮಾಡುತ್ತಿದ್ದರು, ಅವರದ್ದೇ 1974ರಲ್ಲಿ ಟಾಮಾ ಅನ್ನುವ ಬ್ರ್ಯಾಂಡ್ ಆಯಿತು. ಅಂದರೆ ಮುಂದೆ ದೊಡ್ಡ ದೊಡ್ಡ ವೇದಿಕೆ ಏರಿದ ಮನೆತನಗಳ ಮೊದಲ ದಿನಗಳ ಕೈಕೆಲಸ ಇದು.

ಶೆಲ್, ಅಂದರೆ ಡ್ರಮ್ಮಿನ ದುಂಡನೆಯ ಮೈ, ಸಾಮಾನ್ಯವಾಗಿ ಲುವಾನ್ ಮರದ ತೆಳ್ಳನೆಯ ಪ್ಲೈ. ಫಿಲಿಪೀನ್ ಮಹಾಗನಿ ಅಂತ ಮಾರುವ ಮರ ಇದೇ. ಹಗುರ, ಮೆತ್ತಗೆ. ಮೇಲೂ ಕೆಳಗೂ ಒಳಗಡೆ ಒಂದೊಂದು ಮರದ ಬಳೆ ಅಂಟಿಸಿರುತ್ತಾರೆ, ದುಂಡು ಕೆಡದಿರಲಿ ಅಂತ. ಈ ಮರದ ಸ್ವಭಾವವೇ ಬೆಚ್ಚನೆಯ, ಸ್ವಲ್ಪ ಗಿಡ್ಡ ನಾದ. ಮರ ಕೆಟ್ಟದ್ದಲ್ಲ. ಕೆಟ್ಟದ್ದು ಅವಸರದಲ್ಲಿ ಮಾಡಿದ, ಶೆಲ್‌ನ ತುದಿಯ ಅಂಚು.

ಇದು ನನಗೆ ಗೊತ್ತಾಗಿದ್ದು ತಡವಾಗಿ. ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ನಾಲ್ಕಕ್ಕೂ ಹೊಸ ಹೆಡ್, ಅಂದರೆ ಡ್ರಮ್ಮಿಗೆ ಬಿಗಿಯುವ ತೆಳು ಹಾಳೆ, ತಂದೆ, ಹಾಕಿದೆ, ಎರಡು ದಿನ ಕೀಲಿ ಹಿಡಿದು ಶ್ರುತಿ ಮಾಡಿದೆ. ಏನೂ ಬದಲಾಗಲಿಲ್ಲ. ಟಾಮ್‌ನ ಒಂದು ಲಗ್ (ಹೆಡ್ ಬಿಗಿಸುವ ರಾಡ್ ತಿರುಪಿ ಕೂರುವ ಗೂಡು) ಹತ್ತಿರ ತಟ್ಟಿದರೆ ‘ದುಮ್’, ಪಕ್ಕದ ಲಗ್ ಹತ್ತಿರ ‘ಟಕ್’. ಟಕ್ ಅನ್ನುವುದನ್ನು ಸರಿ ಮಾಡಿದರೆ ಎದುರಿನದು ಕೆಡುತ್ತಿತ್ತು. ಆಮೇಲೆ ನೆನಪಾಯಿತು, ಆ ಹೊಸ ಹೆಡ್ ಶೆಲ್ ಮೇಲೆ ತಾನಾಗಿ ಕೂತಿರಲಿಲ್ಲ, ನಾನೇ ಅಂಗೈಯಿಂದ ಒತ್ತಿ ಕೂರಿಸಿದ್ದೆ. ಹೆಡ್ ಕೈಬಿಟ್ಟರೆ ತಾನೇ ಇಳಿಯಬೇಕು, ಒಂದು ಬೆರಳಲ್ಲಿ ತಿರುಗಿಸಿದರೆ ಸಲೀಸಾಗಿ ಸುತ್ತಬೇಕು. ಶೆಲ್ ಅದನ್ನು ಕಚ್ಚಿ ಹಿಡಿದರೆ ನೀವು ಎಷ್ಟೇ ಬಿಗಿ ಮಾಡಿ, ಎಳೆತ ಎಲ್ಲ ಕಡೆ ಸಮ ಆಗುವುದಿಲ್ಲ.

ಸರಿ, ಎಲ್ಲ ಬಿಚ್ಚಿದೆ. ಒಂದೊಂದು ಡ್ರಮ್ಮಿನ ರಾಡ್, ವಾಷರ್, ಲಗ್ ಬೇರೆ ಬೇರೆ ಡಬ್ಬಿಯಲ್ಲಿ. ಇದನ್ನು ತಪ್ಪಿಸಬೇಡಿ. ಹಳೇ ರಾಡಿನ ಥ್ರೆಡ್ಡಿಗೂ ಇವತ್ತು ಸಿಗುವ ರಾಡಿನ ಥ್ರೆಡ್ಡಿಗೂ ಎಷ್ಟೋ ಸಲ ಹೊಂದುವುದಿಲ್ಲ, ಆದ್ದರಿಂದ ಒಂದು ರಾಡ್ ಕಳೆದರೂ ಕಷ್ಟ. ಬೇರೆ ರಾಡ್ ಹಾಕುವುದಾದರೆ ಮೊದಲು ಬರೀ ಬೆರಳಲ್ಲಿ ತಿರುಗಿಸಿ ನೋಡಿ. ತಡೆದರೆ ನಿಲ್ಲಿಸಿ, ಕೀಲಿ ಹಾಕಿ ಒತ್ತಾಯ ಮಾಡಬೇಡಿ.

ಟೇಪ್ ಹಿಡಿದು ಟಾಮ್ ಶೆಲ್‌ನ ಅಡ್ಡಳತೆಯನ್ನು ನಾಲ್ಕು ದಿಕ್ಕಿನಲ್ಲಿ ತೆಗೆದೆ. ಒಂದು ಕಡೆ 3 ಮಿಲಿಮೀಟರ್ ವ್ಯತ್ಯಾಸ. ಬೆರಳಿನ ಗೆಣ್ಣಿನಿಂದ ಸುತ್ತಲೂ ತಟ್ಟುತ್ತಾ ಹೋದರೆ ಒಂದು ಜಾಗದಲ್ಲಿ ಸದ್ದು ಟೊಳ್ಳು. ಒಳಗಿನ ಬಳೆ ಒಂದು ಗೇಣಿನಷ್ಟು ಅಂಟು ಬಿಟ್ಟುಕೊಂಡಿತ್ತು. ಬೆರಳಲ್ಲಿ ಒತ್ತಿದರೆ ಕಿರಕ್ ಅನ್ನುತ್ತಿತ್ತು. ಮರಕ್ಕೆ ಹಾಕುವ ಅಂಟನ್ನು ತೆಳ್ಳನೆಯ ತಗಡಿನಿಂದ ಸಂದಿಯೊಳಗೆ ತಳ್ಳಿದೆ. ಕ್ಲಾಂಪ್ ಹಾಕಿದೆ. ಶೆಲ್ ಕುಗ್ಗಿದ್ದ ದಿಕ್ಕಿಗೆ ಅಳತೆ ಮಾಡಿ ಕತ್ತರಿಸಿದ ಒಂದು ಕೋಲನ್ನು ಒಳಗೆ ಅಡ್ಡ ಕೊಟ್ಟು ಪೂರ್ತಿ ಒಂದು ದಿನ ಬಿಟ್ಟೆ. ಮಾರನೇ ದಿನ ಅಳೆದಾಗ ವ್ಯತ್ಯಾಸ 1 ಮಿಲಿಮೀಟರ್‌ಗೆ ಇಳಿದಿತ್ತು. ಅಷ್ಟು ಸಾಕು.

ಇನ್ನೊಂದು ತೊಂದರೆ ಹೊದಿಕೆಯದು. ಹೊದಿಕೆ ಅಂಚಿನ ತುದಿವರೆಗೂ ಬಂದಿತ್ತು, ಅದರ ಎರಡು ಕೊನೆಗಳು ಒಂದರ ಮೇಲೊಂದು ಕೂರುವ ಕಡೆ ದಪ್ಪ ಜಾಸ್ತಿ. ಹೆಡ್ ಸಿಕ್ಕಿಕೊಳ್ಳುತ್ತಿದ್ದದ್ದು ಅಲ್ಲೇ. ಹರಿತವಾದ ಬ್ಲೇಡಿನಿಂದ ಅಂಚಿನ ಕೆಳಗೆ ಸುತ್ತಲೂ ಕೆಲವು ಮಿಲಿಮೀಟರ್ ಹೊದಿಕೆ ತೆಗೆದುಬಿಟ್ಟೆ. ಹೆಡ್ಡನ್ನು ಒತ್ತಿ ಹಿಡಿಯುವ ಲೋಹದ ಬಳೆ, ಅಂದರೆ ಹೂಪ್, ಕೂತ ಮೇಲೆ ಅದು ಕಾಣುವುದೇ ಇಲ್ಲ. ಇದಕ್ಕೆ ಬಿಸಿಗಾಳಿಯ ಯಂತ್ರ ಮಾತ್ರ ಹಿಡಿಯಬೇಡಿ. ಹಳೇ ಹೊದಿಕೆ ಸೆಲ್ಯುಲಾಯ್ಡ್ ಆಗಿದ್ದರೆ ಥಟ್ಟನೆ ಬೆಂಕಿ ಹಿಡಿಯುತ್ತದೆ.

ಈಗ ಅಂಚು. ನನ್ನ ಪ್ರಕಾರ ಇಡೀ ಕೆಲಸದ ಜೀವ ಇಲ್ಲೇ ಇರುವುದು. ಹೆಡ್ ಮುಟ್ಟುವುದು ಮರದ ಆ ಒಂದು ಗೆರೆಯನ್ನು ಮಾತ್ರ, ಅಲ್ವಾ? ಅಲ್ಲಿ ತಗ್ಗು ಇದ್ದರೆ ಆ ಜಾಗದಲ್ಲಿ ಹೆಡ್ ಸಡಿಲ, ಉಬ್ಬು ಇದ್ದರೆ ಬಿಗಿ. ಎರಡು ಸ್ವರ ಒಂದೇ ಸಲ ಹೊರಟು ಒಂದನ್ನೊಂದು ಕೊಲ್ಲುತ್ತವೆ. ಖಾಲಿ ಡಬ್ಬದ ಸದ್ದು ಅಂದರೆ ಅದೇ.

ಮೇಜಿನ ಮೇಲೆ ದಪ್ಪ ಗಾಜಿನ ಹಲಗೆ ಹಾಕಿ, ಶೆಲ್ ಬೋರಲು ಇಟ್ಟು, ಒಳಗೆ ಸಣ್ಣ ಟಾರ್ಚ್ ಹೊತ್ತಿಸಿ, ಕೋಣೆಯ ದೀಪ ಆರಿಸಿದೆ. ಅಂಚು ಸಮ ಇದ್ದರೆ ಬೆಳಕು ಹೊರಗೆ ಬರಬಾರದು. ನನ್ನ ಟಾಮ್‌ನ ಕೆಳಗಿನಿಂದ ಎರಡು ಕಡೆ ಬೆಳಕು ಸೋರುತ್ತಿತ್ತು. ಒಂದು ಕಡೆ ಅಂತೂ ಕಾಗದ ಮಡಚಿ ತೂರಿಸುವಷ್ಟು ಸಂದಿ. ಆ ಬೆಳಕು ನೋಡಿದ ಕ್ಷಣ ಎರಡು ದಿನ ಕೀಲಿ ತಿರುಗಿಸಿದ್ದು ಯಾಕೆ ದಂಡ ಆಯಿತು ಅಂತ ಅರ್ಥ ಆಯಿತು.

ಆಮೇಲೆ ಮಾಡಿದ್ದು ಇಷ್ಟು. ಅದೇ ಗಾಜಿಗೆ 120 ನಂಬರಿನ ಸ್ಯಾಂಡ್ ಪೇಪರ್ ಅಂಟಿಸಿದೆ. ಅಂಚಿನ ಮೇಲೆ ಸುತ್ತಲೂ ಪೆನ್ಸಿಲ್ಲಿನಿಂದ ಅಡ್ಡ ಗೆರೆ ಎಳೆದೆ. ಶೆಲ್ ಬೋರಲಿಟ್ಟು, ಮೇಲಿನಿಂದ ಒತ್ತದೆ, ಅದರ ಭಾರದಲ್ಲೇ ಸುತ್ತಿಸಿದೆ. ಹತ್ತು ಸುತ್ತು, ಮತ್ತೆ ಶೆಲ್ ಕಾಲು ಭಾಗ ತಿರುಗಿಸಿ ಹಿಡಿದು ಹತ್ತು ಸುತ್ತು, ಇಲ್ಲದಿದ್ದರೆ ಕೈಭಾರ ಒಂದೇ ಕಡೆ ಬಿದ್ದು ಆ ಕಡೆ ಸವೆಯುತ್ತದೆ. ಎತ್ತಿ ನೋಡಿದರೆ ಉಬ್ಬಿದ ಕಡೆ ಪೆನ್ಸಿಲ್ ಗೆರೆ ಅಳಿಸಿದೆ, ತಗ್ಗಿನಲ್ಲಿ ಹಾಗೇ ಕಪ್ಪಗೆ ಉಳಿದಿದೆ. ಆ ಕಪ್ಪು ಚೂರು ಚೂರಾಗಿ ಕರಗಿ ಕೊನೆಯ ಗೆರೆ ಹೋಗುವ ತನಕ ಉಜ್ಜಬೇಕು. ಮತ್ತೆ ಟಾರ್ಚ್. ಮತ್ತೆ ಪೆನ್ಸಿಲ್. ಲುವಾನ್ ಮೆತ್ತಗಿನ ಮರ, ಬೇಗ ಸವೆಯುತ್ತದೆ, ಆದ್ದರಿಂದ ಮೇಲಿಂದ ಮೇಲೆ ನೋಡುತ್ತಿರಬೇಕು. ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ, ಹಳೇ ಮರದ ಧೂಳು ಒಳ್ಳೆಯದಲ್ಲ.

ಹೀಗೆ ಉಜ್ಜಿದಾಗ ಅಂಚು ಚಪ್ಪಟೆ ಆಗುತ್ತದೆ. ಕೊನೆಗೆ 220ರ ಪೇಪರನ್ನು ಬೆರಳಿಗೆ ಸುತ್ತಿ ಹೊರಗಡೆಯ ಮೂಲೆಯನ್ನು ಮೊದಲಿದ್ದ ಹಾಗೆ ದುಂಡಗೆ ಮಾಡಿದೆ. ಕೆಲವರು ಇವನ್ನು ಹೊಸ ಡ್ರಮ್ಮಿನ ಥರ 45 ಡಿಗ್ರಿಗೆ ಚೂಪಾಗಿ ಕೊರೆಸುತ್ತಾರೆ. ನಾನು ಬೇಡ ಅನ್ನುತ್ತೇನೆ. ಇಷ್ಟು ಮೆತ್ತಗಿನ ಮರಕ್ಕೆ ಚೂಪು ಅಂಚು ಕೊಟ್ಟರೆ ಬಿಗಿತಕ್ಕೆ ನೆಗ್ಗುತ್ತದೆ, ಮೇಲಾಗಿ ಆ ಬೆಚ್ಚನೆಯ ನಾದ ಬರುವುದೇ ದುಂಡಂಚಿನಿಂದ. ಕಡೆಯಲ್ಲಿ ಮೇಣದ ಬತ್ತಿಯಿಂದ ಅಂಚನ್ನು ಒಂದು ಸುತ್ತು ಉಜ್ಜಿದೆ. ಹೆಡ್ ಜಾರಿ ಸರಿಯಾಗಿ ಕೂರಲಿ ಅಂತ.

ಲಗ್‌ಗಳ ಒಳಗೆ ಸ್ಪ್ರಿಂಗ್ ಇರುತ್ತದೆ. ಡ್ರಮ್ ಬಾರಿಸಿದಾಗೆಲ್ಲ ಅದು ತನ್ನ ಪಾಡಿಗೆ ಝಿಂಗ್ ಅನ್ನುತ್ತಿರುತ್ತದೆ. ಒಂದೊಂದಕ್ಕೂ ಚೂರು ಸ್ಪಂಜು ತುರುಕಿದೆ. ರಾಡ್‌ಗಳನ್ನು ತೊಳೆದು ಪೆಟ್ರೋಲಿಯಂ ಜೆಲ್ಲಿ ಸವರಿದೆ. ಹೂಪ್‌ಗಳನ್ನೂ ಗಾಜಿನ ಮೇಲಿಟ್ಟು ನೋಡಿದೆ, ತೆಳ್ಳಗಿರುವುದರಿಂದ ಬೇಗ ಸೊಟ್ಟ ಆಗುತ್ತವೆ, ಒಂದು ಆಡುತ್ತಿತ್ತು, ಕೈಯಲ್ಲೇ ಬಗ್ಗಿಸಿ ಸರಿ ಮಾಡಿದೆ.

ಹೆಡ್ ವಿಷಯಕ್ಕೆ ಬಂದರೆ, ತೆಳ್ಳನೆಯ ಶೆಲ್‌ಗೆ ದಪ್ಪ ಹೆಡ್ ಹಾಕಬೇಡಿ. ಎರಡು ಪದರದ ಹೆಡ್ ಹಾಕಿ ನೋಡಿದ್ದೇನೆ, ಶೆಲ್ ಅಲುಗಾಡುವುದೇ ಇಲ್ಲ. ಮೇಲೆ ಒಂದೇ ಪದರದ, ಬಿಳಿ ಲೇಪದ ಹೆಡ್, ಕೆಳಗೆ ಪಾರದರ್ಶಕವಾದ ತೆಳು ಹೆಡ್. ಟಾಮ್‌ಗೆ ಆರೇ ಲಗ್. ಎಲ್ಲವನ್ನೂ ಬೆರಳಲ್ಲಿ ಬಿಗಿಯಾಗುವಷ್ಟು ತಿರುಗಿಸಿ, ಆಮೇಲೆ ಎದುರು ಬದುರು ಲಗ್‌ಗಳಿಗೆ ಅರ್ಧರ್ಧ ಸುತ್ತು. ಹೂಪಿನಿಂದ ಎರಡು ಬೆರಳು ಒಳಗೆ, ಪ್ರತಿ ಲಗ್ ಎದುರು ಮೆಲ್ಲಗೆ ತಟ್ಟುತ್ತಾ ಕಾಲು ಸುತ್ತು, ಅರೆಕಾಲು ಸುತ್ತು. ಕೆಳಗಿನ ಹೆಡ್ ಮೇಲಿನದಕ್ಕಿಂತ ಸ್ವಲ್ಪ ಎತ್ತರದ ಶ್ರುತಿ. ಈ ಸಲ ಆರೂ ಕಡೆ ಒಂದೇ ಸ್ವರ ಹತ್ತು ನಿಮಿಷದಲ್ಲಿ ಕೂತಿತು. ನಡುವೆ ಕೋಲಿನಿಂದ ಒಂದು ಪೆಟ್ಟು ಕೊಟ್ಟೆ, ಟಾಮ್ ಗುಂಯ್ ಅಂತ ದುಂಡಗೆ ಎದ್ದು ಮೆಲ್ಲಗೆ ಇಳಿಯಿತು. ಅದೇ ಹೆಡ್, ಅದೇ ಕೀಲಿ, ಅದೇ ಕೈ. ಎಷ್ಟು ಹೊತ್ತು ಅದೊಂದನ್ನೇ ತಟ್ಟುತ್ತಾ ಕೂತಿದ್ದೆನೋ.

ಫ್ಲೋರ್ ಟಾಮ್‌ಗೂ ಇದೇ ದಾರಿ. ಅದರ ಕಾಲುಗಳ ರಬ್ಬರ್ ಗಟ್ಟಿಯಾಗಿ ಹೋಗಿತ್ತು. ಪ್ರತಿ ಕಾಲಿನ ಕೆಳಗೆ ಮೆತ್ತನೆಯ ಫೋಮ್ ತುಂಡು ಇಟ್ಟೆ, ನಾದ ಸ್ಪಷ್ಟವಾಗಿ ಉದ್ದವಾಯಿತು. ಚಿಕ್ಕ ಟಾಮನ್ನು ಬಾಸ್ ಮೇಲಿನ ಹಿಡಿಕೆಯಿಂದ ಬಿಡಿಸಿ ಒಂದು ಸ್ನೇರ್ ಸ್ಟ್ಯಾಂಡಿನಲ್ಲಿ ಕೂರಿಸಿದೆ. ಆ ಹಿಡಿಕೆ ಸಡಿಲ, ಕಂಪನವನ್ನೂ ನುಂಗುತ್ತಿತ್ತು. ಬಾಸ್‌ಗೆ ದಿಂಬು ತುಂಬಲಿಲ್ಲ. ಎರಡೂ ಹೆಡ್ ಹಿಂದೆ ಒಂದೊಂದು ಫೆಲ್ಟ್ ಪಟ್ಟಿ ಅಡ್ಡ ಹಾಕಿದೆ, ಮುಂದಿನ ಹೆಡ್‌ಗೆ ತೂತು ಮಾಡಲಿಲ್ಲ. 20 ಇಂಚಿನ ಹಗುರ ಡ್ರಮ್ಮಿಗೆ ಒಳಗಿನ ಗಾಳಿಯೇ ಬಲ.

ಸ್ನೇರ್ ಜಾಸ್ತಿ ಕಾಡಿತು. ಒಳಗಿದ್ದ ಹಳೇ ಮಫ್ಲರ್ (ಸದ್ದು ತಗ್ಗಿಸುವ ಮೆತ್ತೆ) ತೆಗೆದುಹಾಕಿದೆ, ಅರ್ಧ ಗಲಾಟೆ ಅಲ್ಲೇ ನಿಂತಿತು. ಸ್ಟೀಲ್ ಅಂಚಿನಲ್ಲಿದ್ದ ಒಂದು ನೆಗ್ಗನ್ನು ಮರದ ತುಂಡು ಅಡ್ಡ ಹಿಡಿದು ಮೆಲ್ಲಗೆ ತಟ್ಟಿ ನೇರ ಮಾಡಿದೆ. ತಂತಿಗಳು ಹಿಗ್ಗಿದ್ದವು. 20 ಎಳೆಯ ಹೊಸ ತಂತಿ ತಂದು, ದಾರದ ಬದಲು ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟಿ, ಎರಡೂ ಕೊನೆಯಿಂದ ಅಂಚಿಗೆ ಒಂದೇ ದೂರ ಇರುವ ಹಾಗೆ ನಡುವೆ ಕೂರಿಸಿದೆ. ಕೆಳಗೆ ಸ್ನೇರ್‌ಗೆಂದೇ ಮಾಡುವ ತೀರಾ ತೆಳುವಾದ ಹೆಡ್ ಬೇಕು, ಬೇರೆ ಹಾಕಿದರೆ ತಂತಿ ಸರಿಯಾಗಿ ನುಡಿಯುವುದಿಲ್ಲ. ಮೇಲಿನ ಹೂಪ್ ಮಾತ್ರ 2.3 ಮಿಲಿಮೀಟರ್‌ನ ದಪ್ಪದ್ದಕ್ಕೆ ಬದಲಿಸಿದೆ, ಏಕೆಂದರೆ ಹೆಡ್ ಜೊತೆ ಹೂಪನ್ನೂ ಸೇರಿಸಿ ಹೊಡೆಯುವುದು ಇದರ ಮೇಲೇ ಜಾಸ್ತಿ. ಅಷ್ಟಾದರೂ ಟಾಮ್ ಬಾರಿಸಿದಾಗ ಸ್ನೇರ್ ಜೊಯ್ ಅನ್ನುತ್ತಿತ್ತು. ಅದು ಸ್ನೇರ್ ತಪ್ಪಲ್ಲ, ಎರಡರ ಶ್ರುತಿ ಹತ್ತಿರ ಇತ್ತು. ಟಾಮನ್ನು ಒಂದು ಚೂರು ಇಳಿಸಿದೆ, ತಣ್ಣಗಾಯಿತು.

ಹೊಸ ಹೆಡ್ ಮೊದಲ ವಾರ ಸ್ವಲ್ಪ ಸಡಿಲ ಆಗುತ್ತದೆ, ಎರಡು ಮೂರು ಸಲ ಮತ್ತೆ ಶ್ರುತಿ ಮಾಡಬೇಕು. ನನ್ನ ಟಾಮ್‌ನಲ್ಲಿ ಆ ಅಂಟು ಹಾಕಿದ ಜಾಗದ ಹತ್ತಿರದ ಲಗ್ ಹವೆ ಬದಲಾದಾಗ ಈಗಲೂ ಒಂದು ಕೂದಲಷ್ಟು ಇಳಿಯುತ್ತದೆ. ಅದಕ್ಕೇ ಬಾರಿಸಲು ಕೂತಾಗ ಮೊದಲು ಅಲ್ಲಿ ಬೆರಳಲ್ಲಿ ತಟ್ಟಿ ನೋಡುತ್ತೇನೆ, ಆಮೇಲೆ ಕೋಲು ಎತ್ತಿಕೊಳ್ಳುತ್ತೇನೆ.