ಡಬ್ಲಿನ್‌ನಿಂದ ಒಂದು ದಿನ ಗ್ಲೆಂಡಲಾಕ್‌ಗೆ

ಡಬ್ಲಿನ್‌ನಲ್ಲಿ ಒಂದು ದಿನ ಬಿಡುವಿದ್ದರೆ ವಿಕ್ಲೋ ಬೆಟ್ಟಗಳ ನಡುವೆ ಎರಡು ಸರೋವರಗಳಿರುವ ಗ್ಲೆಂಡಲಾಕ್ ಕಣಿವೆಗೆ ಹೋಗಿ. ಸೇಂಟ್ ಸ್ಟೀಫನ್ಸ್ ಗ್ರೀನ್ ಪಾರ್ಕ್ ಹತ್ತಿರ ಸೇಂಟ್ ಕೆವಿನ್ಸ್ ಬಸ್ ಸಿಗುತ್ತದೆ. ದಿನಕ್ಕೆ ಬೆರಳೆಣಿಕೆಯಷ್ಟೇ ಇರುವುದರಿಂದ ವಾಪಸ್ ಬಸ್ಸಿನ ಟೈಮ್ ಮೊದಲೇ ನೋಡಿಟ್ಟುಕೊಂಡು ಬೆಳಗಿನದನ್ನೇ ಹಿಡಿಯಿರಿ.

ಇಳಿದ ಕೂಡಲೇ ಕೆರೆ ಕಡೆ ಓಡಬೇಡಿ. 6ನೇ ಶತಮಾನದಲ್ಲಿ ಸಂತ ಕೆವಿನ್ ಶುರು ಮಾಡಿದ ಮಠದ ಜಾಗ ಇದು. ಸುಮಾರು 30 ಮೀಟರ್ ಎತ್ತರದ ದುಂಡು ಗೋಪುರ ಇದೆಯಲ್ಲ, ಅದರ ಬಾಗಿಲು ನೋಡಿ: ನೆಲದಿಂದ ಎರಡಾಳು ಎತ್ತರದಲ್ಲಿದೆ, ಏಣಿ ಇಲ್ಲದೆ ಒಳಗೆ ಕಾಲಿಡುವ ಹಾಗೇ ಇಲ್ಲ!

ಆಮೇಲೆ ಗ್ರೀನ್ ರೋಡ್ ಹಿಡಿದು ಮೇಲಿನ ಸರೋವರಕ್ಕೆ ನಡೆಯಿರಿ. ಸಮತಟ್ಟು ದಾರಿ, ಮಕ್ಕಳಿಗೂ ಸಲೀಸು. ಕಾಲಲ್ಲಿ ಕಸುವಿದ್ದರೆ ಮೇಲಿನ ಸರೋವರದ ಪಕ್ಕದ ಸ್ಪಿಂಕ್ ಬೆಟ್ಟ ಏರಿ. ಮೆಟ್ಟಿಲು ಜಾಸ್ತಿ, ಆದರೆ ಎರಡೂ ಸರೋವರ ಕಾಣುವುದು ಅಲ್ಲಿಂದಲೇ. ಬಿಸಿಲಿದ್ದರೂ ಜರ್ಕಿನ್ ಬ್ಯಾಗಿನಲ್ಲಿರಲಿ.