ಡಿಸ್ಚಾರ್ಜ್ ಬುಕ್ ತನ್ನಿ, ಅಜ್ಜಿಯನ್ನೂ ಕರೆತನ್ನಿ

ನಾನು ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ನಲ್ಲಿ ಕ್ಲರ್ಕ್ ಆಗಿದ್ದವನು. ನಿವೃತ್ತಿಯಾಗಿ ಮಂಡ್ಯಕ್ಕೆ ಬಂದ ಮೇಲೆ ಇಲ್ಲಿನ ಮಾಜಿ ಸೈನಿಕರ ಸಂಘ ಸೇರಿದೆ. ಪಿಂಚಣಿ ಕಾಗದದ ಕೆಲಸ ನನ್ನ ಪಾಲಿಗೆ ಬಂತು. ಭಾನುವಾರ ಬಿಡುವಿದ್ದ ನಾಲ್ಕೈದು ಜನ ಒಂದು ಹಳ್ಳಿಗೆ ಹೋಗುತ್ತೇವೆ. ಸಮುದಾಯ ಭವನವೋ, ಶಾಲೆಯ ಜಗಲಿಯೋ, ಜಾಗ ಕೊಟ್ಟ ಕಡೆ ಕೂರುತ್ತೇವೆ. ಬರುವವರಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳೇ ಜಾಸ್ತಿ. ಕೈಯಲ್ಲೊಂದು ಪ್ಲಾಸ್ಟಿಕ್ ಕವರ್, ಅದರಲ್ಲಿ ಸೇನೆಯಿಂದ ಬಿಡುಗಡೆಯಾದಾಗ ಕೊಟ್ಟ ಡಿಸ್ಚಾರ್ಜ್ ಬುಕ್, ಪಿಂಚಣಿ ಮಂಜೂರಾದ ಹಳೇ ಆದೇಶಪತ್ರ ಪಿಪಿಒ, ಪಾಸ್‌ಬುಕ್, ರೇಷನ್ ಕಾರ್ಡ್ ಎಲ್ಲ ಒಟ್ಟಿಗೆ.

ನಾನು ಮೊದಲು ನೋಡುವುದು ಹೆಂಡತಿಯ ಹೆಸರು. ಹುಡುಗ ರಜೆಯಲ್ಲಿ ಊರಿಗೆ ಬಂದು ಮದುವೆಯಾಗಿರುತ್ತಾನೆ. ಯೂನಿಟ್‌ಗೆ ವಾಪಸ್ ಹೋಗಿ ಹೆಂಡತಿಯ ಹೆಸರು ಹೇಳುತ್ತಾನೆ. ಎಲ್ಲಿಯವನೋ ಕ್ಲರ್ಕ್, ತನ್ನ ಕಿವಿಗೆ ಬಿದ್ದಂತೆ ಬರೆದುಕೊಳ್ಳುತ್ತಾನೆ. ಅದು ಪಾರ್ಟ್ ಟೂ ಆರ್ಡರ್, ಅಂದರೆ ಸೇವಾ ದಾಖಲೆಗೆ ಸೇರಿಸುವ ಆದೇಶ ಆಗುತ್ತದೆ, ಅದೇ ಹೆಸರು ಪಿಪಿಒಗೂ ಹೋಗುತ್ತದೆ. ಅಲ್ಲಿ ಬರೀ ತಾಯಮ್ಮ, ಆಧಾರ್‌ನಲ್ಲಿ ಪುಟ್ಟತಾಯಮ್ಮ. ಗಂಡ ಇರುವ ತನಕ ಇದನ್ನು ಯಾರೂ ಗಮನಿಸುವುದಿಲ್ಲ. ಆತ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ಇಲ್ಲೇ ಸಿಕ್ಕಿಕೊಳ್ಳುತ್ತದೆ. ಆಗ ಇಬ್ಬರೂ ಒಬ್ಬರೇ ಅಂತ ಆ ತಾಯಿಯೇ ಸಾಬೀತು ಮಾಡಬೇಕು.

ಆದ್ದರಿಂದ ಯಜಮಾನರು ಇರುವಾಗಲೇ ಸರಿ ಮಾಡಿಸಿ ಅಂತ ನಾವು ಮನೆಮನೆಗೆ ಹೋಗಿ ಹೇಳುತ್ತೇವೆ. ಅವರ ಸಹಿ ಇದ್ದರೆ ಅರ್ಧ ಕೆಲಸ ಮುಗಿದಂತೆ. ಅರ್ಜಿ, ನೋಟರಿ ಮಾಡಿಸಿದ ಅಫಿಡವಿಟ್, ಆಧಾರ್ ಪ್ರತಿ ಸೇರಿಸಿ ಸೈನಿಕರ ಸೇವಾ ದಾಖಲೆ ಇಡುವ ಅವರವರ ರೆಕಾರ್ಡ್ಸ್ ಆಫೀಸಿಗೆ ಕಳಿಸುತ್ತೇವೆ. ಸಿಗ್ನಲ್ಸ್‌ನವರಿಗೆ ಜಬಲ್ಪುರ, ಆರ್ಟಿಲರಿಗೆ ನಾಸಿಕ್ ರೋಡ್, ವಾಹನ, ಯಂತ್ರ ದುರಸ್ತಿಯ ಇಎಂಇಗೆ ಸಿಕಂದರಾಬಾದ್. ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನವರ ರೆಕಾರ್ಡ್ಸ್ ಬೆಂಗಳೂರಲ್ಲೇ ಇದೆ. ಸರ್ವಿಸ್ ನಂಬರ್, ರ‍್ಯಾಂಕ್, ಹೆಸರು ಅರ್ಜಿಯ ತಲೆಯಲ್ಲೇ ಇರಲಿ. ನಂಬರ್ ಇಲ್ಲದ ಅರ್ಜಿ ಎಲ್ಲಿಗೂ ತಲುಪುವುದಿಲ್ಲ, ಇದನ್ನು ನಾನು ಆ ಕಡೆಯ ಮೇಜಲ್ಲಿ ಕೂತು ನೋಡಿದ್ದೇನೆ.

ಎರಡನೆಯದು ಹೆಂಡತಿಯ ಹುಟ್ಟಿದ ದಿನಾಂಕ. 80 ತುಂಬಿದರೆ ಕುಟುಂಬ ಪಿಂಚಣಿಯ ಮೂಲ ಮೊತ್ತಕ್ಕೆ 20% ಸೇರುತ್ತದೆ. 85ಕ್ಕೆ 30%, 90ಕ್ಕೆ 40%, 95ಕ್ಕೆ 50%, ನೂರು ತುಂಬಿದರೆ ಎರಡರಷ್ಟು. ಆದರೆ ದಾಖಲೆಯಲ್ಲಿ ದಿನಾಂಕವೇ ಇಲ್ಲದಿದ್ದರೆ ಅವರಿಗೆ 80 ಆಗಿದೆ ಅಂತ ಯಾರಿಗೆ ಗೊತ್ತಾಗಬೇಕು? ಪಾಂಡವಪುರದ ಕಡೆ ಒಬ್ಬ ಅಜ್ಜಿಗೆ ವಯಸ್ಸೆಷ್ಟು ತಾಯಿ ಅಂದೆ. "ಗಾಂಧಿ ತೀರೋದಾಗ ನಾನು ಎಮ್ಮೆ ಮೇಯಿಸ್ತಿದ್ದೆ ಕಣಪ್ಪ" ಅಂದರು. 1948ರ ಮಾತು. ಹಾಗಾದರೆ 80 ದಾಟಿ ಎಷ್ಟು ಕಾಲವಾಯಿತು ಲೆಕ್ಕ ಹಾಕಿ! ಪಿಪಿಒ ತೆಗೆದು ನೋಡಿದರೆ ದಿನಾಂಕದ ಜಾಗ ಖಾಲಿ. ಆಧಾರ್ ಜೊತೆ ಅರ್ಜಿ ಹಾಕಿಸಿದೆವು. ತಿಂಗಳುಗಟ್ಟಲೆ ಓಡಾಟವಾಯಿತು. ಕೊನೆಗೆ ಬಾಕಿ ಸಮೇತ ಬಂತು. ಆ ದುಡ್ಡಲ್ಲಿ ಅವರು ಕಣ್ಣಿನ ಪೊರೆ ತೆಗೆಸಿಕೊಂಡರು.

ಬದುಕಿದ್ದೇವೆ ಅಂತ ಪಿಂಚಣಿದಾರರು ವರ್ಷವರ್ಷ ಕೊಡಬೇಕಾದ ಲೈಫ್ ಸರ್ಟಿಫಿಕೇಟ್‌ನದು ಇನ್ನೊಂದು ಕಥೆ. ಕಬ್ಬು ಕಡಿದು, ಬೂದಿಯಲ್ಲಿ ಪಾತ್ರೆ ತಿಕ್ಕಿ ಬೆರಳಿನ ಗೆರೆಯೇ ಸವೆದಿರುತ್ತದೆ. ಯಂತ್ರ ಹಿಡಿಯುವುದಿಲ್ಲ. ಅವರು ಸೀರೆ ಸೆರಗಿಗೆ ಬೆರಳು ಒರೆಸಿ ಒರೆಸಿ ಮತ್ತೆ ಇಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. 2021ರ ನವೆಂಬರ್‌ನಲ್ಲಿ ಮುಖ ಗುರುತಿಸುವ ವ್ಯವಸ್ಥೆ ಬಂದದ್ದು ದೊಡ್ಡ ಉಪಕಾರ. ಫೋನಿನಲ್ಲಿ ಜೀವನ್ ಪ್ರಮಾಣ್ ಮತ್ತು ಆಧಾರ್ ಫೇಸ್ ಆರ್‌ಡಿ ಆ್ಯಪ್ ಇದ್ದರೆ ಸಾಕು. ಬಿಸಿಲಿಗೆ ಬೆನ್ನು ಕೊಡದೆ, ಬೆಳಕು ಮುಖದ ಮೇಲೆ ಬೀಳುವಂತೆ ಕೂರಿಸಿ, ಕನ್ನಡಕ ತೆಗೆಸಿ, ಕಣ್ಣು ಮಿಟುಕಿಸಿ ಅಂತ ಹೇಳುತ್ತೇವೆ. ಇಲ್ಲಿ ಒಂದು ಎಚ್ಚರಿಕೆ. ಪಿಂಚಣಿಯು ಸ್ಪರ್ಶ್‌ಗೆ, ಅಂದರೆ ರಕ್ಷಣಾ ಇಲಾಖೆಯೇ ನೇರವಾಗಿ ಪಿಂಚಣಿ ಕೊಡುವ ಆನ್‌ಲೈನ್ ವ್ಯವಸ್ಥೆಗೆ ಹೋಗಿದ್ದರೆ ಪಿಂಚಣಿ ಕೊಡುವ ಸಂಸ್ಥೆ ಅನ್ನುವ ಕಡೆ ಬ್ಯಾಂಕ್ ಹೆಸರು ಹಾಕಬಾರದು. 'ಸ್ಪರ್ಶ್ ಪಿಸಿಡಿಎ ಪೆನ್ಷನ್ಸ್ ಅಲಹಾಬಾದ್' ಅನ್ನುವುದನ್ನೇ ಆರಿಸಬೇಕು. ಪಿಪಿಒ ನಂಬರ್ ಕೂಡ ಸ್ಪರ್ಶ್ ಕೊಟ್ಟ ಹೊಸದೇ ಬೇಕು. ಇದು ತಪ್ಪಿ ಪಿಂಚಣಿ ನಿಂತುಹೋದ ಮನೆಗಳು ನಮ್ಮ ತಾಲೂಕಲ್ಲೇ ಇವೆ.

ಸಿಆರ್‌ಪಿಎಫ್, ಬಿಎಸ್‌ಎಫ್‌ನವರ ಮನೆಯವರೂ ಬರುತ್ತಾರೆ. 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಹುತಾತ್ಮರಾದ ನಮ್ಮ ಮದ್ದೂರು ತಾಲೂಕಿನ ಗುಡಿಗೆರೆಯ ಗುರು ಸಿಆರ್‌ಪಿಎಫ್‌ನವರು. ಆ ಪಡೆಗಳು ಗೃಹ ಸಚಿವಾಲಯಕ್ಕೆ ಸೇರಿದ್ದರಿಂದ ಅವರ ಪಿಂಚಣಿ ಸ್ಪರ್ಶ್‌ನಲ್ಲಿ ಬರುವುದಿಲ್ಲ, ದಾರಿ ಬೇರೆ. ಹಾಗಂತ ಯಾರನ್ನೂ ವಾಪಸ್ ಕಳಿಸುವುದಿಲ್ಲ. ಅರ್ಜಿ ಬರೆದುಕೊಡುತ್ತೇವೆ, ಯಾವ ಕಚೇರಿ ಅಂತ ವಿಚಾರಿಸಿ ಹೇಳುತ್ತೇವೆ.

ಇದಕ್ಕೆಲ್ಲ ನಾವು ಒಂದು ರೂಪಾಯಿ ಮುಟ್ಟುವುದಿಲ್ಲ. ದುಡ್ಡು ಕೇಳಿದವರು, ಫೋನ್ ಮಾಡಿ ಓಟಿಪಿ ಕೇಳಿದವರು ನಮ್ಮವರಲ್ಲ. ನಮ್ಮಲ್ಲಿಗೆ ಬರುವಾಗ ಆಧಾರ್‌ಗೆ ಲಿಂಕ್ ಆಗಿರುವ ಮೊಬೈಲ್ ಮರೆಯದೆ ತನ್ನಿ. ಅದು ಬೆಂಗಳೂರಲ್ಲಿರುವ ಮಗನ ಕೈಯಲ್ಲಿದ್ದರೆ, ಅವನು ಊರಿಗೆ ಬರುವ ಭಾನುವಾರ ಯಾವುದು ಅಂತ ಮೊದಲೇ ಹೇಳಿ. ಅವತ್ತೇ ನಿಮ್ಮ ಹಳ್ಳಿಗೆ ಬರುತ್ತೇವೆ.